ಐದರಲ್ಲಿ ಒಂದನ್ನು ಆರಿಸಿ

ಇಷ್ಟು ವರ್ಷ ಬೇರೆಯವರ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಂಡವನು ನಲವತ್ತು ದಾಟಿದ ಮೇಲೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತರೆ, ನಗೆಪಾಟಲಾಗುವುದಕ್ಕೆ ಪ್ರತ್ಯೇಕ ಪ್ರಯತ್ನವೇನೂ ಬೇಕಾಗುವುದಿಲ್ಲ. ಭಾನುವಾರ ಬಂದಂತೆ ಅದೂ ಬರುತ್ತದೆ.

ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ನನ್ನ ವಿಭಾಗ. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಪೆನ್ನಿನಲ್ಲಿ ‘ರಿಜೆಕ್ಟ್’ ಎಂದು ಬರೆದು, ಸಹಿ ಹಾಕಿ ವಾಪಸ್ ಕಳಿಸುವುದು ನನ್ನ ಕೆಲಸ. ಈ ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ. ಪ್ಲಾಂಟ್ ಹೆಡ್ ಹುದ್ದೆ ಖಾಲಿಯಾಗುವ ಸೂಚನೆ ಬಂದಾಗ ಮಾಲೀಕರು ನನ್ನನ್ನು ಕರೆದು, ಅದು ನಿಮಗೇ ಸಿಗಬೇಕು, ಆದರೆ ಒಂದು ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಲೇಬೇಕು ಎಂದರು. ಈ ವರ್ಷ ಸೀಟು ಸಿಗದಿದ್ದರೆ ಹೊರಗಿನವರನ್ನು ತರುತ್ತೇವೆ ಎಂದೂ ಸೇರಿಸಿದರು. ಸೀಟು ಬೇಕೆಂದರೆ ಪ್ರವೇಶ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯಲ್ಲಿ ಕ್ರಿಟಿಕಲ್ ರೀಸನಿಂಗ್ ಎಂಬುದೊಂದಿದೆ. ಯಾರೋ ನಾಲ್ಕು ಸಾಲಿನಲ್ಲಿ ಒಂದು ವಾದ ಮಂಡಿಸಿರುತ್ತಾರೆ. ಅದನ್ನು ಬಲಪಡಿಸುವುದು ಯಾವುದು, ದುರ್ಬಲಗೊಳಿಸುವುದು ಯಾವುದು ಎಂದು ಕೇಳಿ, ಕೆಳಗೆ ಐದು ಉತ್ತರ ಕೊಟ್ಟಿರುತ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ವಾದದಲ್ಲಿ ಯಾರಿಗೂ ಸೋತವನಲ್ಲ, ಇದು ಯಾವ ಲೆಕ್ಕ ಎಂದುಕೊಂಡು ವಿಜಯನಗರದಲ್ಲಿ ಒಂದು ಬೇಕರಿಯ ಮೇಲೆ ಭಾನುವಾರ ನಡೆಯುವ ಕೋಚಿಂಗ್ ಕ್ಲಾಸಿಗೆ ಸೇರಿದೆ.

ಮಾಲು ವಾಪಸ್

ಮೊದಲ ದಿನವೇ ಒಂದು ಪರೀಕ್ಷೆ. ಒಂದು ಊರಿನಲ್ಲಿ ಹೊಸ ಬೀದಿ ದೀಪ ಹಾಕಿದ ಮೇಲೆ ಬೇಕರಿ ವ್ಯಾಪಾರ ಹೆಚ್ಚಿತಂತೆ, ಆದ್ದರಿಂದ ದೀಪವೇ ಕಾರಣ ಎಂದು ಅಲ್ಲಿಯ ಮೇಯರ್ ಹೇಳುತ್ತಾರಂತೆ. ನಾನು ಐದೂ ಉತ್ತರ ಓದಿದೆ. ಒಂದೂ ಸಮಾಧಾನ ತರಲಿಲ್ಲ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ, ‘ಮೇಯರ್ ಹೇಳಿಕೆಗೆ ದಾಖಲೆ ಲಗತ್ತಿಸಿಲ್ಲ. ರಿಜೆಕ್ಟ್’ ಎಂದು ಬರೆದೆ. ಮುಂದಿನದು, ‘ಭಾಷೆ ಸಡಿಲ. ರಿಜೆಕ್ಟ್.’ ಹೀಗೇ ಕೊನೆಯವರೆಗೆ ಹೋಯಿತು. ಅಭ್ಯಾಸಬಲದಿಂದ ಪ್ರತಿಯೊಂದರ ಕೆಳಗೂ ಸಹಿ ಹಾಕಿದ್ದೆ.

ಪಾಠ ಮಾಡುವ ಮೇಡಂ ಗದಗ ಕಡೆಯ ಹೆಣ್ಣುಮಗಳು, ವಯಸ್ಸಿನಲ್ಲಿ ನನ್ನ ಕಿರಿಯ ತಂಗಿಗಿಂತ ಚಿಕ್ಕವರು. ನನ್ನ ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿ, ನೀವು ಕೆಲಸ ಎಲ್ಲಿ ಮಾಡ್ತೀರಿ ಎಂದು ವಿಚಾರಿಸಿದರು. ಹೇಳಿದೆ. ಅವರ ಮುಖದಲ್ಲಿ ಎಲ್ಲ ಅರ್ಥವಾದ ಕಳೆ ಬಂತು.

“ಸರ, ಐದ್ರಾಗ ಒಂದು ಆರಿಸಬೇಕ್ರಿ. ಚಲೋ ಇಲ್ಲಂತ ಲೋಡೆಲ್ಲಾ ವಾಪಸ್ ಕಳಸಾಕ ಇದು ನಿಮ್ಮ ಫ್ಯಾಕ್ಟರಿ ಅಲ್ಲ.”

ಹಾಗಲಕಾಯಿಯ ವಾದ

ನನ್ನ ಅಂಕ ಮನೆಯಲ್ಲಿ ಮುಚ್ಚಿಡಲಾಗಲಿಲ್ಲ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ತಾಯಿಯವರಿಗೆ ಗೊತ್ತಾದದ್ದು ಸಂಜೆಯೊಳಗೆ ಪಾರ್ಕಿಗೂ ಗೊತ್ತಾಗುತ್ತದೆ. ಪಾರ್ಕಿನಿಂದ ಅವರು ಒಂದು ಪರಿಹಾರ ಹೊತ್ತು ತಂದರು. ಎದುರು ಮನೆಯವರ ಮಗ ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು ಇದೇ ಪರೀಕ್ಷೆ ಪಾಸು ಮಾಡಿದನಂತೆ, ನೀನೂ ಕುಡಿ ಎಂದರು.

ನಾನು ಬಿಡಲಿಲ್ಲ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣ ಎನ್ನಲಾಗದು, ರಸ ಕುಡಿಯದಿದ್ದರೂ ಅವನು ಪಾಸಾಗುತ್ತಿದ್ದನೇನೋ ಎಂದು ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ತಾಯಿ ಸಮಾಧಾನವಾಗಿ, ಹೋದ ವರ್ಷ ಅದೇ ಹುಡುಗ ರಸ ಕುಡಿಯದೆ ಬರೆದು ಫೇಲಾಗಿದ್ದ ಎಂದರು. ಇದು ನಿಜವಾಗಿಯೂ ವಾದವನ್ನು ಬಲಪಡಿಸುವ ಅಂಶ. ಆದರೂ ಸುಧಾರಿಸಿಕೊಂಡು, ಈ ವರ್ಷ ಅವನು ಕೋಚಿಂಗಿಗೂ ಸೇರಿದ್ದ, ಅದೂ ಕಾರಣವಿರಬಹುದು ಎಂದೆ. ಇನ್ನು ಇವರ ಬಳಿ ಉತ್ತರವಿಲ್ಲ ಎಂದು ನನಗೆ ಖಾತ್ರಿಯಿತ್ತು.

“ಕೋಚಿಂಗ್‌ಗೆ ನೀನೂ ಸೇರಿದೀಯಲ್ಲೋ,” ಎಂದರು ತಾಯಿ. “ಆದ್ರೂ ಫೇಲಾದೆ. ಇನ್ನು ಉಳಿದಿದ್ದು ರಸಾನೇ ಕಣೋ.”

ಒಳಗಿನಿಂದ ನನ್ನ ಹೆಂಡತಿ ಲೋಟ ಹಿಡಿದುಕೊಂಡೇ ಬಂದಳು. ಅಷ್ಟರಲ್ಲಾಗಲೇ ಸೋಸಿ ಆಗಿತ್ತು.

ಒಂದು ಮಾತು ಹೇಳಬೇಕು. ನಡೆದದ್ದಕ್ಕೆ ಇನ್ನೇನು ಕಾರಣವಿರಬಹುದು ಎಂದು ಹುಡುಕುವ ಪ್ರಶ್ನೆಗಳಲ್ಲಿ ಅಲ್ಲಿಂದಾಚೆಗೆ ನಾನು ತಪ್ಪಿದ್ದು ಅಪರೂಪ. ಆ ಕಹಿ ನಾಲಿಗೆಯ ಮೇಲೆ ಬಂದ ಕೂಡಲೇ ಉತ್ತರ ಹೊಳೆಯುತ್ತಿತ್ತು.

ಗಿರ್ಮಿಟ್

ನನ್ನ ದೊಡ್ಡ ರೋಗ ಬೇರೆಯೇ ಇತ್ತು. ಪ್ರಶ್ನೆಯಲ್ಲಿ ಇಲ್ಲದ ಸಂಗತಿಯನ್ನು ನನ್ನ ಅನುಭವದಿಂದ ತಂದು ಸೇರಿಸುವುದು. ಅದು ನನ್ನೊಬ್ಬನದೇ ಅಲ್ಲ. ಬಸ್ಸಿನ ಪ್ರಶ್ನೆ ಬಂದರೆ ಸುಂಕದಕಟ್ಟೆಯಿಂದ ಬರುತ್ತಿದ್ದ ಬ್ಯಾಂಕಿನ ಹೆಣ್ಣುಮಗಳು ಮಾಗಡಿ ರಸ್ತೆಯ ಸಿಗ್ನಲ್ಲುಗಳನ್ನೆಲ್ಲ ಉತ್ತರದೊಳಗೆ ತರುತ್ತಿದ್ದರು. ಮೇಡಂ ಬೇಸತ್ತು ಒಂದು ನಿಯಮ ಮಾಡಿದರು.

“ಪ್ಯಾಸೇಜಿನ್ಯಾಗ ಏನೈತಿ ಅಷ್ಟ ಖರೆ. ಹೊರಗಿಂದು ಯಾರು ತರ್ತಾರ, ಅವರು ಮುಂದಿನ ಐತ್ವಾರ ಎಲ್ಲಾರಿಗೂ ಗಿರ್ಮಿಟ್ ತರಬೇಕು.”

ಗಿರ್ಮಿಟ್ ಎಂದರೆ ಅವರ ಕಡೆಯ ಒಗ್ಗರಣೆ ಹಾಕಿದ ಮಂಡಕ್ಕಿ. ನಿಯಮ ಅಂದರೆ ನಿಯಮ, ವಯಸ್ಸು ಹುದ್ದೆ ನೋಡಿ ಯಾರಿಗೂ ರಿಯಾಯಿತಿ ಕೊಡಬಾರದು ಎಂದು ಎದ್ದು ನಿಂತು ಅನುಮೋದಿಸಿದವನು ನಾನೇ.

ಮರುಕ್ಷಣ ಮೇಡಂ ಓದಿದ ಪ್ಯಾಸೇಜು: ಒಂದು ಕಾರ್ಖಾನೆಯಲ್ಲಿ ತಪಾಸಣೆ ಮಾಡುವವರನ್ನು ದುಪ್ಪಟ್ಟು ಮಾಡಿದರು. ಆಮೇಲೆ ಹೆಚ್ಚು ದೋಷಗಳು ಸಿಕ್ಕವು. ಆದ್ದರಿಂದ ಕೆಲಸಗಾರರು ಅಜಾಗರೂಕರಾಗಿದ್ದಾರೆ ಎಂದು ಮಾಲೀಕರು ತೀರ್ಮಾನಿಸಿದರು.

ನನಗೆ ತಡೆಯಲಾಗಲಿಲ್ಲ. ಯಾವ ಮಾಲೀಕರು ತಪಾಸಣೆಗೆ ದುಪ್ಪಟ್ಟು ಜನ ಕೊಡುತ್ತಾರೆ, ಒಬ್ಬರನ್ನು ಹೆಚ್ಚಿಗೆ ಕೊಡಿ ಎಂದು ಕೇಳಿ ಕೇಳಿ ನನಗೆ ಸಾಕಾಗಿದೆ. ಹೊಸಬರಿಗೆ ತರಬೇತಿ ಕೊಟ್ಟವರು ಯಾರು, ಅಳತೆಯ ಗೇಜು ಸರಿಯಿದೆಯೆಂದು ಪರೀಕ್ಷಿಸಿದವರು ಯಾರು ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಕ್ಲಾಸೆಲ್ಲ ನನ್ನ ಕಡೆ ತಿರುಗಿತ್ತು, ನನ್ನ ಮಾತಿನ ತೂಕಕ್ಕೆ ಎಂದುಕೊಂಡೆ. ಮೇಡಂ ನಾನು ಮುಗಿಸುವವರೆಗೆ ಕಾದು, ಗೇಜು ಪ್ಯಾಸೇಜಿನಲ್ಲಿ ಎಲ್ಲಿದೆ ತೋರಿಸಿ ಎಂದರು.

ಮುಂದಿನ ಭಾನುವಾರ ಗಿರ್ಮಿಟ್ ಹೊತ್ತೆ. ಅಂದು ಗೋದಾಮಿನ ಪ್ಯಾಸೇಜು, ಮತ್ತೆ ಬಾಯಿ ಹಾಕಿದೆ. ಅದರಾಚೆಯ ಭಾನುವಾರವೂ ಹೊತ್ತೆ. ಮೇಡಂ ಬೇಕೆಂದೇ ನನಗೆ ಉರಿಯುವಂಥ ಪ್ರಶ್ನೆಗಳನ್ನು ಆರಿಸಿ ತರುತ್ತಿದ್ದರು ಎಂದು ತಡವಾಗಿ ಅರ್ಥವಾಯಿತು. ಅಷ್ಟು ಶ್ರದ್ಧೆಯಿಂದ ನನ್ನನ್ನು ತಿದ್ದಿದವರು ಬೇರೆ ಯಾರೂ ಇಲ್ಲ. ಕೊನೆಗೊಂದು ದಿನ ನಾನು ಬಾಯಿ ಬಿಗಿಹಿಡಿದು, ಪ್ಯಾಸೇಜಿನೊಳಗೇ ಇದ್ದು ಸರಿ ಉತ್ತರ ಹೇಳಿಬಿಟ್ಟೆ. ಚಪ್ಪಾಳೆ ಬೀಳಬಹುದೆಂದು ನೋಡಿದರೆ ಬ್ಯಾಂಕಿನ ಹೆಣ್ಣುಮಗಳ ಮುಖ ಬಾಡಿತ್ತು.

“ಮೇಡಂ, ಇನ್ನೊಂದು ಫ್ಯಾಕ್ಟರಿ ಪ್ಯಾಸೇಜ್ ಕೊಡಿ,” ಎಂದರು ಅವರು. “ಸಾರ್ ತರ್ತಾರೆ ಅಂತ ನಾವೆಲ್ಲ ತಿಂಡಿ ತಿನ್ನದೆ ಬರ್ತೀವಿ.”

ಕೆಂಪು ಪೆನ್ನು

ಪರೀಕ್ಷಾ ಕೇಂದ್ರ ಕೆಂಗೇರಿಯ ಆಚೆ. ಬಾಗಿಲಲ್ಲಿ ಸೆಕ್ಯೂರಿಟಿಯವರು ಜೇಬು ತಡಕಿ, ಪರೀಕ್ಷೆಯೆಲ್ಲ ಕಂಪ್ಯೂಟರಿನಲ್ಲಿ, ಪೆನ್ನು ಹೊರಗಿಡಬೇಕು ಎಂದರು. ಈ ಪೆನ್ನಿಲ್ಲದೆ ನಾನು ಎಲ್ಲಿಗೂ ಹೋದವನಲ್ಲ, ನಿಯಮ ಎಲ್ಲಿ ಬರೆದಿದೆ ತೋರಿಸಿ ಎಂದೆ. ಅವರು ನನ್ನ ತಲೆಯ ಹಿಂದಿನ ಗೋಡೆ ತೋರಿಸಿದರು. ಅಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

ಒಳಗೆ, ಪರೀಕ್ಷೆಯ ನಡುವೆ ಒಂದು ಪ್ರಶ್ನೆ ಬಂತು. ಐದು ಉತ್ತರದಲ್ಲೂ ಒಂದೊಂದು ಕುಂದು. ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಮಾಲೀಕರು ತರುವ ಆ ಹೊರಗಿನವರು ಪ್ಲಾಂಟ್ ಹೆಡ್ ಕೋಣೆಯಲ್ಲಿ ಕೂತ ಹಾಗೆ ಕಂಡಿತು. ಲೋಡು ವಾಪಸ್ ಕಳಿಸುವ ಹಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಇದ್ದುದರಲ್ಲಿ ಕಡಿಮೆ ಕುಂದಿನದನ್ನು ಆರಿಸಿದೆ. ಮುಂದಿನದಕ್ಕೂ ಹಾಗೇ ಮಾಡಿದೆ. ಆಕಾಶವೇನೂ ಬೀಳಲಿಲ್ಲ.

ಹೊರಗೆ ಬಂದಾಗ ಸೆಕ್ಯೂರಿಟಿಯವರು ಪೆನ್ನು ಹಿಂದಕ್ಕೆ ಕೊಟ್ಟರು.

“ಇದಕ್ಕಾ ಸಾರ್ ಅಷ್ಟು ಜಗಳ ಮಾಡಿದ್ದು? ಒಂದು ಫೋನ್ ನಂಬರ್ ಬರ್ಕೊಳ್ಳೋಣ ಅಂತ ನೋಡಿದೆ. ರೀಫಿಲ್ಲೇ ಖಾಲಿ.”

ಪ್ರಶ್ನೆಗಳನ್ನು ರಿಜೆಕ್ಟ್ ಮಾಡಿಯೇ ಅದನ್ನು ಮುಗಿಸಿದ್ದೆ.

ಸರಿ ಉತ್ತರ

ಸೀಟು ಸಿಕ್ಕಿತು. ಮಾಲೀಕರು ಕೈ ಕುಲುಕಿ, ಹೊರಗಿನವರನ್ನು ಹುಡುಕುವುದನ್ನು ನಿಲ್ಲಿಸಿದೆವು ಎಂದರು. ಆ ಭಾನುವಾರ ಸಿಹಿ ಹಿಡಿದು, ಪೆನ್ನಿಗೆ ಹೊಸ ರೀಫಿಲ್ ಹಾಕಿಕೊಂಡು ಕ್ಲಾಸಿಗೆ ಹೋದೆ. ಹೊಸ ಬ್ಯಾಚು ಶುರುವಾಗಿತ್ತು. ಬಾಗಿಲಲ್ಲೇ ಮೇಡಂಗೆ ಎಲ್ಲ ವರದಿ ಒಪ್ಪಿಸಿದೆ, ಹಾಗಲಕಾಯಿಯ ಮತ್ತು ಪೆನ್ನಿನ ಕತೆಯನ್ನೂ ಸೇರಿಸಿ. ಅವರು ನಗದೆ ಕೇಳಿಸಿಕೊಂಡು, ಒಳಗೆ ಕರೆದು ಬೋರ್ಡಿನ ಮೇಲೆ ಬರೆದರು: ಎಲ್ಲವನ್ನೂ ರಿಜೆಕ್ಟ್ ಮಾಡುತ್ತಿದ್ದ ಒಬ್ಬರು ಪಾಸಾದರು. ಕಾರಣ ಯಾವುದು? ಕೆಳಗೆ ಐದು ಉತ್ತರ: ತಾಯಿಯ ಹಾಗಲಕಾಯಿ ರಸ. ರಸ ಸೋಸಿದ ಹೆಂಡತಿ. ಪೆನ್ನು ಇಸಿದುಕೊಂಡ ಸೆಕ್ಯೂರಿಟಿ. ಗಿರ್ಮಿಟ್ ತಿಂದ ಸಹಪಾಠಿಗಳು. ಕೋಚಿಂಗ್.

ಚಾಕ್‌ಪೀಸು ನನ್ನ ಕೈಗೆ ಕೊಟ್ಟರು.

ಐದನ್ನೂ ಓದಿದೆ. ಮತ್ತೆ ಓದಿದೆ. ಯಾವುದೊಂದನ್ನೂ ಹೊಡೆದು ಹಾಕಲು ಕೈ ಬರಲಿಲ್ಲ. ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂದು ನಿಂತಿತು.

“ಮೇಡಂ, ಐದೂ ಸರಿ,” ಎಂದೆ. “ಒಂದರಲ್ಲೂ ದೋಷವಿಲ್ಲ.”

ನನ್ನ ವೃತ್ತಿಜೀವನದಲ್ಲಿ ಅಳತೆ ಹಿಡಿಯದೆ ಇಡೀ ಲೋಡನ್ನು ಪಾಸು ಮಾಡಿದ್ದು ಅದೇ ಮೊದಲು. ಮೇಡಂ ಕಣ್ಣಲ್ಲೂ ಏನೋ ಮಿನುಗಿದಂತೆ ಕಂಡಿತು. ಬೋರ್ಡಿನ ಕಡೆ ತಿರುಗಿ ಡಸ್ಟರ್ ಕೈಗೆ ತೆಗೆದುಕೊಂಡರು.

“ತಪ್ಪು ಉತ್ತರ ಸರ. ಐದ್ರಾಗ ಒಂದು ಆರಿಸಬೇಕ್ರಿ. ‘ಐದೂ’ ಅನ್ನೂದು ಬೋರ್ಡಿನ ಮ್ಯಾಲೆ ಎಲ್ಲೈತಿ? ಹೊರಗಿಂದ ತಂದೀರಿ. ಮುಂದಿನ ಐತ್ವಾರ ಗಿರ್ಮಿಟ್.”

ನಿಯಮ ಅಂದರೆ ನಿಯಮ. ಹೊತ್ತುಕೊಂಡು ಹೋದೆ. ಹೊಸ ಬ್ಯಾಚಿನವರು ಅದಾಗಲೇ ತಿಂಡಿ ತಿನ್ನದೆ ಬಂದು ಕೂತಿದ್ದರು.