ವ್ಯಾನಿನ ನಳಕ್ಕೊಂದು ಫಿಲ್ಟರು

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಶಕ್ತಿ ಕಡಿಮೆಯಾಗಿ ಛಲ ಹೆಚ್ಚಾಗುತ್ತದೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಫ್ಯೂಸು ಹೋದರೂ ಯಾರನ್ನಾದರೂ ಕರೆಸುತ್ತಿದ್ದ ನಾನು, ಮನೆ ಸೇರಿದ ಮೇಲೆ ಪಾನಾ ಹಿಡಿದರೆ ಜಗತ್ತನ್ನೇ ರಿಪೇರಿ ಮಾಡಬಲ್ಲೆನೆಂದು ನಂಬತೊಡಗಿದೆ. ಆ ಭರದಲ್ಲೇ ಹಳೆಯ ವ್ಯಾನೊಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ಪುಟ್ಟ ಸಿಂಕು, ನೀರಿನ ಟ್ಯಾಂಕು, ಪಂಪು, ನಳ ಎಲ್ಲವನ್ನೂ ಕೂಡಿಸಿದೆ. ಹೆಂಡತಿ ಗೌರಮ್ಮನನ್ನು ಕೂಡಿಸಿಕೊಂಡು ದೇಶ ಸುತ್ತಬೇಕೆಂಬುದು ನನ್ನ ಆಸೆ.

ಅವಳು ಪರದೆಯ ಬಣ್ಣ ಮೆಚ್ಚಿದಳು, ಮಂಚದ ಮೇಲೆ ಕೂತು ನೋಡಿದಳು, ಕೊನೆಗೆ ನಳದ ಮುಂದೆ ನಿಂತಳು. ಅವಳ ಹೊಟ್ಟೆ ಬಲು ನಾಜೂಕು. ಮದುವೆ ಮನೆಯಲ್ಲೂ ನೀರನ್ನು ಮೂಸಿ ನೋಡಿ ಬೀಗರ ಮುಖ ಸಣ್ಣದು ಮಾಡಿ ಬರುವವಳು. "ಈ ನಳದ ನೀರು ಕುಡ್ಯಾಕ ಬರೂಹಂಗ ಮಾಡ್ರಿ, ನೀವು ಎಲ್ಲಿಗೆ ಕರದ್ರೂ ಬರ್ತೀನಿ. ಇಲ್ಲಾಂದ್ರ ನೀವೊಬ್ಬರೇ ಹೋಗಿ ಬರ್ರಿ," ಎಂದಳು.

ಮರುದಿನವೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ಫಿಲ್ಟರು ತಂದೆ. ಪೈಪಿಗೆ ಕೂಡಲಿಲ್ಲ. ಪೈಪನ್ನೇ ಬಿಚ್ಚಿ ಡಾಕ್ಟರರ ಸ್ಟೆತಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡು ಮತ್ತೆ ಹೋದೆ. ದಾರಿಯಲ್ಲಿ ಸಿಕ್ಕ ಪರಿಚಯದವರೊಬ್ಬರು ಮನೆಯಲ್ಲಿ ಯಾರಿಗೆ ಆರಾಮಿಲ್ಲವೆಂದು ಕೇಳಿದರು. ಅಂತೂ ಸಿಂಕಿನ ಕೆಳಗೆ ಅಂಗಾತ ಮಲಗಿ ಜೋಡಿಸಿ ಪಂಪು ಹಾಕಿದರೆ, ಅದು ಗುರುಗುಟ್ಟಿತೇ ಹೊರತು ನೀರು ಬರಲಿಲ್ಲ. ಫಿಲ್ಟರನ್ನು ಉಲ್ಟಾ ಹಾಕಿದ್ದೆ. ಬಿಚ್ಚಿ ತಿರುಗಿಸಿದೆ. ಈಗ ನೀರು ಬಂತು, ಆದರೆ ಕಪ್ಪಗೆ. ಇದಕ್ಕಿಂತ ಮೊದಲಿನ ನೀರೇ ಚಲೋ ಇತ್ತೆಂದು ಗೌರಮ್ಮ ಒಳಗೆ ನಡೆದಳು. ಹೊಸ ಫಿಲ್ಟರಿನ ಇದ್ದಿಲ ಪುಡಿ ಮೊದಲು ತೊಳೆದುಹೋಗಬೇಕೆಂದು ಡಬ್ಬಿಯ ಮೇಲೆಯೇ ಬರೆದಿತ್ತು. ಓದಿದ್ದು ಆಮೇಲೆ. ಇಡೀ ಟ್ಯಾಂಕಿನ ನೀರನ್ನು ಅಂಗಳದ ಗಿಡಗಳಿಗೆ ಬಿಟ್ಟ ಮೇಲೆ ನೀರು ತಿಳಿಯಾಯಿತು.

ಪರೀಕ್ಷೆಗೆಂದು ನಮ್ಮ ಕಲಬುರಗಿಯ ಹತ್ತಿರದ ಕಮಲಾಪುರದಲ್ಲಿರುವ ಅವಳ ಅಕ್ಕನ ಮನೆಗೆ ಹೊರಟೆವು. ಅರ್ಧ ದಾರಿಯಲ್ಲಿ ಒಂದು ಉಬ್ಬಿಗೆ ವ್ಯಾನು ಎಗರಿತು, ಜಾಯಿಂಟು ಸಡಿಲಾಗಿ ಹಾಸಿಗೆ ತೊಯ್ದಿತು. ತಿರುಗಿ ಹೋಗೋಣವೆಂದಳು. ನಾನು ಕೇಳಲಿಲ್ಲ. ರಸ್ತೆ ಬದಿಯಲ್ಲಿ ನಿಲ್ಲಿಸಿ, ಟೇಪು ಸುತ್ತಿ, ಕ್ಲಿಪ್ಪು ಬಿಗಿದು, ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಎದ್ದೆ. ಮುಂದಿನ ಉಬ್ಬುಗಳಿಗೆಲ್ಲ ಅದು ಜಗ್ಗಲಿಲ್ಲ.

ಕಮಲಾಪುರದಲ್ಲಿ ಇಳಿದ ಮೇಲೆ ಗೌರಮ್ಮ ತಂಬಿಗೆ ತುಂಬಿಕೊಂಡು, ಮೂಸದೆ, ಗಟಗಟನೆ ಕುಡಿದಳು. ನನ್ನ ಎದೆ ತಣ್ಣಗಾಯಿತು. ಅವಳ ಅಕ್ಕ ಅದೇ ನೀರಿನಲ್ಲಿ ಚಹಾ ಮಾಡಿದರು. ಚಹಾ ಕುಡಿದು, "ನೀರಂದ್ರ ಹಿಂಗಿರಬೇಕು ನೋಡವ್ವ. ನಿಮ್ಮ ಮನೀ ನಳದ ನೀರಿಗೆ ಈ ರುಚಿ ಎಲ್ಲದ?" ಎಂದರು. ಆ ಮಾತು ಗೌರಮ್ಮನ ತಲೆಯಲ್ಲಿ ಕೂತಿತು. ಅವರು ಕೊಟ್ಟ ಕೆಂಪು ಬಾಳೆಹಣ್ಣಿನ ಗೊನೆಯೊಂದಿಗೆ ಅದೂ ನಮ್ಮ ಜೊತೆ ಕಲಬುರಗಿಗೆ ಬಂತು.

ಈಗ ವ್ಯಾನು ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯ ಮುಂದೆ ನಿಂತಿದೆ. ದಿನಾ ಬೆಳಿಗ್ಗೆ ಮನೆಯ ನೀರನ್ನು ವ್ಯಾನಿಗೆ ತುಂಬಿಸಿ, ವ್ಯಾನಿನ ನೀರನ್ನು ಕೊಡದಲ್ಲಿ ಅಡುಗೆಮನೆಗೆ ಹೊರುತ್ತೇನೆ. ಪಕ್ಕದ ಮನೆಯವರೂ ಚಹಾಕ್ಕೆಂದು ಚೆರಿಗೆ ಕಳಿಸುತ್ತಾರೆ. ಮೊನ್ನೆ ಧೈರ್ಯ ಮಾಡಿ ಹಂಪಿಯ ಮಾತೆತ್ತಿದೆ.

"ಗಾಡಿ ಒಯ್ದ್ರ ಮನ್ಯಾಗ ಕುಡ್ಯಾಕ ನೀರಿಗೇನು ಮಾಡೂದ್ರಿ?" ಎಂದು ಗೌರಮ್ಮ ಕೇಳಿದಳು.

ಹಂಪಿಗೆ ಹೋಗುವುದು ಖಾತ್ರಿಯಾಗಿದೆ, ಬಸ್ಸಿನಲ್ಲಿ. ದಾರಿಗೆ ಬೇಕಾದ ನೀರನ್ನು ವ್ಯಾನಿನಿಂದ ಹಿಡಿದು ಬಾಟಲಿಗೆ ತುಂಬುವ ಜವಾಬ್ದಾರಿ ನನ್ನದು.