ದನದ ಡಾಕ್ಟರ ಜಾಝ್ ಗಿಟಾರು

ದನದ ಡಾಕ್ಟರ ಕೆಲಸದಲ್ಲಿ ನಗು ಬರೋ ಸಂಗತಿಗಳು ಮೊದಲೇ ಜಾಸ್ತಿ. ನಲವತ್ತಾರು ತುಂಬಿದ ಮೇಲೆ ನಾನು ಗಿಟಾರ್ ಕಲಿಯೋಕೆ ಶುರು ಮಾಡಿದೆ. ಆಮೇಲಂತೂ ಅವು ನಿಂತೇ ಇಲ್ಲ.

ಗಿಟಾರ್ ತಂದದ್ದು ಮಗಳಿಗೆ. ಅವಳು ಎರಡು ವಾರ ಟಿಂಗ್ ಟಿಂಗ್ ಅನ್ನಿಸಿ, ಬೆರಳು ನೋಯುತ್ತೆ ಅಂತ ಬ್ಯಾಡ್ಮಿಂಟನ್‌ಗೆ ಸೇರಿಕೊಂಡಳು. ಸುಮ್ಮನೆ ಗೋಡೆಗೆ ಒರಗಿ ನಿಂತಿದೆಯಲ್ಲ ಅಂತ ನಾನು ಎತ್ತಿಕೊಂಡೆ. ತುಮಕೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಕನ್ನಡಕದ ಅಂಗಡಿ ಇಟ್ಟಿರೋ ಹಿರಿಯರೊಬ್ಬರು ವಯಸ್ಸಿನಲ್ಲಿದ್ದಾಗ ಬೆಂಗಳೂರಿನ ಹೋಟೆಲುಗಳಲ್ಲಿ ಗಿಟಾರ್ ಬಾರಿಸಿದವರು. ಕಲಿಸಿ ಸಾರ್ ಅಂತ ಹೋಗಿ ನಿಂತೆ.

"ನಂಗೆ ಬರೋದು ಜಾಝ್ ಒಂದೇ. ಕೇಳಿದೋರು ಮೊದ್ಲು 'ಎಲ್ಲೋ ತಪ್ಪಾಗ್ತಿದೆ' ಅಂತಾರೆ. ಆಮೇಲೂ ಹಾಗೇ ಅಂತಾರೆ. ಪರವಾಗಿಲ್ವಾ?" ಅಂದರು.

ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನು ನಾನು. ಪರವಾಗಿಲ್ಲ ಅಂದೆ.

ಚೀಟಿ

ಮೂರ್ನಾಲ್ಕು ತಂತಿ ಒಟ್ಟಿಗೆ ನುಡಿಸಿದರೆ ಅದು ಕಾರ್ಡು. ಅದಕ್ಕೆ ಎಡಗೈ ಬೆರಳು ಎಲ್ಲೆಲ್ಲಿ ಕೂರಬೇಕು ಅನ್ನೋದು ಶೇಪು. ಗುರುಗಳು ಶೇಪುಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಆರು ತಂತಿಗೆ ಆರು ಗೆರೆ, ಬೆರಳು ಇಡೋ ಕಡೆ ಚುಕ್ಕಿ, ಮುಟ್ಟಬಾರದ ತಂತಿಗೆ ಇಂಟು ಮಾರ್ಕು. ಆ ಚೀಟಿಗಳೂ ಔಷಧಿ ಚೀಟಿಗಳೂ ನನ್ನ ಒಂದೇ ಜೇಬಿನಲ್ಲಿ ಇರುತ್ತಿದ್ದವು.

ಆಗ ನಾನು ಗುಬ್ಬಿ ತಾಲ್ಲೂಕಿನಲ್ಲಿದ್ದೆ. ಒಬ್ಬ ರೈತ ಬಂದು, ಎಮ್ಮೆ ಮೇವು ತಿನ್ನದೆ ಸೊರಗಿದೆ ಅಂದ. ವಿಚಾರಿಸಿ ಚೀಟಿ ಕೊಟ್ಟು ಕಳಿಸಿದೆ. ನಾಲ್ಕು ದಿನ ಬಿಟ್ಟು ನಗುನಗುತ್ತಾ ಬಂದ.

"ಎಮ್ಮೆ ಈಗ ಹುಲ್ಲು ಕಂಡ್ರೆ ಬುಡಲ್ಲ ಡಾಕ್ಟ್ರೇ!" ಅಂತ ಚೀಟಿ ತೆಗೆದು ತೋರಿಸಿದ. ನೋಡಿದರೆ ಡಿ ಮೈನರ್ ಸೆವೆನ್.

"ಇದನ್ನ ಮೆಡಿಕಲ್ ಸ್ಟೋರಲ್ಲಿ ಕೊಟ್ಟೆಯಾ?"

"ಕೊಟ್ಟೆ. ಔಷ್ದಿ ಹೆಸ್ರೇ ಇಲ್ಲ ಅಂತ ವಾಪಸ್ ಕೊಟ್ರು. ನಾನೇ ಕುಂತು ನೋಡ್ದೆ. ಆರು ಗೆರೆ. ನಮ್ ಕೊಟ್ಗೇಲೂ ಆರೇ ಗೂಟ. ಮೂರು ಚುಕ್ಕಿ, ಅಂದ್ರೆ ಎಮ್ಮೆ, ಎರಡು ಹಸ. ಇನ್ ಮೂರ್ ಕಡೆ ಇಂಟು ಹಾಕಿದ್ರಿ. ಇಂಟು ಹಾಕಿದ್ ಗೂಟದಾಗೇ ನಾನು ಹೋರಿ ಕಟ್ಟಿದ್ದೆ. ಎಮ್ಮೆ ಮೇವ್ನೆಲ್ಲ ಅದೇ ಎಳ್ಕೊಂಡು ತಿಂತಿತ್ತು. ಬಿಚ್ಚಿ ಆಚೆಗೆ ಕಟ್ದೆ, ಎಲ್ಲ ಸರಿಹೋಯ್ತು."

ಎರಡೂ ಕೈ ಮುಗಿದು, ದನಿ ತಗ್ಗಿಸಿ ಕೇಳಿದ: "ನಮ್ ಕೊಟ್ಗೆ ನೀವು ನೋಡೇ ಇಲ್ವಲ್ಲ ಡಾಕ್ಟ್ರೇ, ಹೆಂಗ್ ಗೊತ್ತಾಯ್ತು?"

ಎಣಿಕೆ

ಹಸು ಗಬ್ಬ ಆಗಿದೆಯೋ ಇಲ್ಲವೋ ನೋಡೋಕೆ ನಾವು ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು ಹಿಂದಿನಿಂದ ಕೈ ಹಾಕಿ ನೋಡಬೇಕು. ನನ್ನದು ಎಡಗೈ ಅಭ್ಯಾಸ. ಗಿಟಾರಿನ ಶೇಪು ಹಿಡಿಯೋದೂ ಎಡಗೈಯೇ.

ಅದೇ ತಾಲ್ಲೂಕಿನ ಕಡಬದಲ್ಲಿ ಒಂದು ಹಸುವಿಗೆ ಹೀಗೇ ಕೈ ಹಾಕಿ ನಿಂತಿದ್ದೆ. ಗಬ್ಬ ಇರೋದು ಗೊತ್ತಾಗಿ ಆಗಿತ್ತು. ಆದರೆ ಹಿಂದಿನ ದಿನ ಕಲಿತ ಶೇಪು ತಲೆಯಲ್ಲಿ ಓಡುತ್ತಿತ್ತು. ಬೆರಳು ತಾವೇ ಒಂದು ಶೇಪಿನಿಂದ ಇನ್ನೊಂದಕ್ಕೆ ಹೋಗಿ ಬರುತ್ತಿದ್ದವೋ ಏನೋ, ನನಗೆ ಪರಿವೆ ಇಲ್ಲ. ಹಸು ಕತ್ತು ತಿರುಗಿಸಿ ನನ್ನನ್ನೇ ನೋಡಿತು. ಹಗ್ಗ ಹಿಡಿದಿದ್ದ ಅಜ್ಜಿ ನನ್ನ ಮೊಣಕೈ ಹತ್ತಿರ ನರ ಕುಣಿಯೋದನ್ನೇ ನೋಡುತ್ತಿದ್ದವರು ಕೊನೆಗೆ ತಡೆಯಲಾರದೆ ಕೇಳಿದರು:

"ಅದ್ಯಾಕ್ ಸ್ವಾಮಿ ಇನ್ನೂ ಎಣಿಸ್ತಾನೇ ಇದೀರಾ? ಎಷ್ಟ್ ಕರ ಅವೆ ಒಳಗೆ?"

ಮೂರನೇದು

ನಮ್ಮ ಮನೆ ಓನರ್ ರಿಟೈರ್ಡ್ ಹೆಡ್‌ಮಾಸ್ಟರು. ಕೆಳಗಡೆ ಅವರು, ಮೇಲುಗಡೆ ನಾವು. ಸಂಗೀತದ ಗೊಡವೆಗೆ ಹೋದವರಲ್ಲ.

ಜಾಝ್‌ನಲ್ಲಿ ಮೂರು ಕಾರ್ಡು ಒಂದರ ಹಿಂದೆ ಒಂದು ಬರೋ ಒಂದು ವರಸೆ ಇದೆ. ಮೊದಲನೇದು ಹೊರಡುತ್ತೆ, ಎರಡನೇದು ಎಳೆಯುತ್ತೆ, ಮೂರನೇದು ಮನೆ ಸೇರಿಸುತ್ತೆ. ಗುರುಗಳು ಎರಡು ಶೇಪು ಕಲಿಸಿ, "ಈ ವಾರ ಇಷ್ಟೇ. ಮೂರನೇದು ಶನಿವಾರ" ಅಂದರು. ನಾನು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಆ ಎರಡನ್ನೇ ಬಾರಿಸಿದೆ. ಹೊರಡೋದು, ಎಳೆಯೋದು. ಹೊರಡೋದು, ಎಳೆಯೋದು.

ಮಂಗಳವಾರ ಹೆಡ್‌ಮಾಸ್ಟರು ಮೆಟ್ಟಿಲು ಹತ್ತಿ ಬಂದರು. "ಅದು ಎಲ್ಲಿಗೋ ಹೋಗ್ಬೇಕಲ್ರೀ?"

"ಹೌದು ಸಾರ್. ಮೂರನೇದು ಇನ್ನೂ ಕಲಿಸಿಲ್ಲ."

"ಯಾವಾಗ ಕಲಿಸ್ತಾರೆ?"

"ಶನಿವಾರ."

"ಇವತ್ತು ಮಂಗಳವಾರ!" ಅಂತ ಇಳಿದುಹೋದರು. ಗುರುವಾರ ಮತ್ತೆ ಬಂದರು. "ಊಟಕ್ಕೆ ಕೂತ್ರೆ ತುತ್ತು ಗಂಟಲಲ್ಲೇ ನಿಲ್ಲುತ್ತೆ ಕಣ್ರೀ. ಸೀನು ಬಂದೂ ಬರದೇ ಇದ್ದ ಹಾಗೆ."

ಶನಿವಾರ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತಿದ್ದರು. ಗುರುಗಳ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಸ್ಟೂಲಿನ ಮೇಲೆ ಕೂತು ಪಾಠ ಪೂರ್ತಿ ಕೇಳಿದರು. ಕೊನೆಗೂ ಮೂರನೇ ಶೇಪು ನನ್ನ ಬೆರಳಿಗೆ ಕೂತು, ಮೂರೂ ಸರಿಯಾಗಿ ಬಂದಾಗ, ಎದ್ದು ಗುರುಗಳ ಮುಂದೆ ನಿಂತರು.

"ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದೀನಿ ಸ್ವಾಮಿ. ಒಂದು ದಿನಾನಾದ್ರೂ ಕ್ರಿಯಾಪದ ಹೇಳಿಕೊಡದೆ ಹುಡುಗರನ್ನ ಮನೆಗೆ ಕಳಿಸಿಲ್ಲ."

ರಿಸೆಪ್ಷನ್

ನಮ್ಮ ಕಾಂಪೌಂಡರ್ ಮಗಳ ರಿಸೆಪ್ಷನ್ನು, ಗುಬ್ಬಿಯ ಒಂದು ಛತ್ರದಲ್ಲಿ. ಆರ್ಕೆಸ್ಟ್ರಾದ ಗಿಟಾರಿನವನಿಗೆ ಜ್ವರ. ಕಾಂಪೌಂಡರ್ ಓಡಿಬಂದು, "ನಮ್ ಸಾಹೇಬ್ರೇ ಇದಾರಲ್ಲ!" ಅಂತ ನನ್ನ ಕೈ ಹಿಡಿದು ಸ್ಟೇಜ್ ಹತ್ತಿಸಿಬಿಟ್ಟ. ಕಲಿತಿದ್ದನ್ನು ನಾಲ್ಕು ಜನರ ಮುಂದೆ ಬಾರಿಸದೆ ಏನು ಪ್ರಯೋಜನ ಅಂತ ಗುರುಗಳೂ ಹೇಳಿದ್ದರು. ಹತ್ತಿದೆ.

ಗಾಯಕರು ನಿಧಾನದ ಒಂದು ಪ್ರೇಮಗೀತೆ ಎತ್ತಿಕೊಂಡರು. ನಾನು ಪಲ್ಲವಿ ಪೂರ್ತಿ ತಾಳ್ಮೆಯಿಂದ ಸಾದಾ ಕಾರ್ಡು ಹಾಕಿದೆ. ಅವರು ಕೊನೆಯ ಸ್ವರ ಎಳೆದು ಕಣ್ಣು ಮುಚ್ಚಿದಾಗ ಮಾತ್ರ, ತಿಂಗಳುಗಟ್ಟಲೆ ಕಷ್ಟಪಟ್ಟು ಕಲಿತ ಒಂದು ಜಾಝ್ ಶೇಪನ್ನು ಆ ಸ್ವರದ ಅಡಿಯಲ್ಲಿ ಇಟ್ಟೆ. ಗಾಯಕರು ಥಟ್ಟನೆ ಕಣ್ಣು ಬಿಟ್ಟರು. ತಾವೇ ಅಪಸ್ವರ ಹಾಡಿದೆವು ಅಂದುಕೊಂಡು ಸ್ವರ ಸ್ವಲ್ಪ ಮೇಲಕ್ಕೆ ತಳ್ಳಿದರು. ಅವರನ್ನು ಹಿಡಿಯೋಕೆ ಕೀಬೋರ್ಡಿನವನು ಮೇಲಕ್ಕೆ ಹೋದ. ಅಷ್ಟರಲ್ಲಿ ಗಾಯಕರು ಕೆಳಗಿಳಿದರು. ಮದುಮಗ ಊಟದ ಹಾಲ್ ಕಡೆ ನೋಡೋಕೆ ಶುರು ಮಾಡಿದ.

ಹಾಡು ಮುಗಿದ ಮೇಲೆ ಆರ್ಕೆಸ್ಟ್ರಾದ ಯಜಮಾನರು ನನ್ನ ಕಿವಿ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಹೇಳಿದರು: "ಸಾರ್, ನೀವು ಬಾರಿಸಿದ್ದು ತಪ್ಪಲ್ಲ ಅಂತ ನಂಗೊಬ್ಬನಿಗೆ ಗೊತ್ತು. ಮುಂದಿನ ಹಾಡಿಂದ ಪೋಸ್ ಕೊಡಿ ಸಾಕು, ವಿಡಿಯೋದವ್ರು ಬಂದವ್ರೆ."

ಆ ವಿಡಿಯೋದಲ್ಲಿ ಮದುಮಗನಿಗಿಂತ ನಾನೇ ಜಾಸ್ತಿ ಇದೀನಿ.

ಕೊಟ್ಟಿಗೆ

ಈಚೆಗೆ ಕುಣಿಗಲ್ ಕಡೆ ವರ್ಗವಾಯಿತು. ಅಲ್ಲಿ ಒಬ್ಬ ಹೆಣ್ಣುಮಗಳ ಹಸು. ಕರು ಹುಟ್ಟಿದ ಮೂರನೇ ದಿನಕ್ಕೆ ಸತ್ತಿತ್ತು, ಅಂದಿನಿಂದ ಹಸು ಹಾಲು ಬಿಡುತ್ತಿರಲಿಲ್ಲ. ಹಾಲು ಕಟ್ಟಿ ಕೆಚ್ಚಲು ಕಲ್ಲಿನಂತಾಗಿತ್ತು. ದಿನಾ ಇಂಜೆಕ್ಷನ್ ಕೊಟ್ಟು ಕರೆಯೋದು ಒಳ್ಳೆಯದಲ್ಲ. ಹಾಗೇ ಬಿಟ್ಟರೆ ಕೆಚ್ಚಲು ಬಾವು ಬರುತ್ತೆ. ಆಕೆ ಹಸುವಿನ ಮೈ ಸವರುತ್ತಾ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು.

"ಸಂಗೀತ ಕೇಳಿಸಿದ್ರೆ ಹಾಲು ಬುಡ್ತವಂತೆ ಡಾಕ್ಟ್ರೇ, ಮೊಬೈಲ್‌ನಾಗೆ ಬಂದಿತ್ತು. ನೀವು ಗಿಟಾರ್ ಬಾರಿಸ್ತೀರಂತಲ್ಲ?"

ಬೇರೆ ದಾರಿಯೂ ತೋಚಲಿಲ್ಲ. ಮಾರನೇ ದಿನ ಬೆಳಿಗ್ಗೆ ಗಿಟಾರ್ ಹೊತ್ತು ಹೋದೆ. ಬೀದಿಯ ಜನ ಆಗಲೇ ಕೊಟ್ಟಿಗೆ ಬಾಗಿಲಲ್ಲಿ ಸೇರಿದ್ದರು. ಆಕೆ ಬಕೆಟ್ ಹಿಡಿದು ಕೆಚ್ಚಲ ಹತ್ತಿರ ಕೂತಳು. ನಾನು ಹಿಂಡಿ ಮೂಟೆ ಮೇಲೆ ಕೂತು ಶುರು ಮಾಡಿದೆ. ಹಸು ಕಿವಿ ನಿಮಿರಿಸಿ, ನಾಲ್ಕೂ ಕಾಲು ಬಿಗಿ ಹಿಡಿದು ನಿಂತಿತು. ಒಂದು ಹನಿ ಇಲ್ಲ. ಶೇಪು ಬದಲಾಯಿಸಿದೆ. ನಿಧಾನ ಮಾಡಿದೆ. ನನಗೆ ಬರೋದನ್ನೆಲ್ಲ ಬಾರಿಸಿದೆ. ಬೆರಳು ಉರಿ ಹತ್ತಿತು. ನಾಚಿಕೆಯಾಗಿ, ಇದು ಆಗೋ ಮಾತಲ್ಲ ಅಂತ ಗಿಟಾರ್ ಕೆಳಗಿಟ್ಟೆ.

ಹಸು ಬಾಲ ಇಳಿಬಿಟ್ಟಿತು. ಬಿಗಿದ ಕಾಲು ಸಡಿಲ ಮಾಡಿತು. ಬಕೆಟಿನಲ್ಲಿ ಸೊರ್ ಸೊರ್ ಅಂತ ಸದ್ದು ಶುರುವಾಯಿತು.

ಆಕೆ ಅಷ್ಟೂ ಹಾಲು ಕರೆದು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಾಳೇನೂ ಬನ್ನಿ ಡಾಕ್ಟ್ರೇ."

"ನಾನ್ಯಾಕಮ್ಮ? ಇದನ್ನೇ ಫೋನಲ್ಲಿ ರೆಕಾರ್ಡ್ ಮಾಡಿಕೊಡ್ತೀನಿ. ಹಾಕು, ಆಫ್ ಮಾಡು."

ಆಕೆ ತಲೆ ಅಲ್ಲಾಡಿಸಿದಳು.

"ಬ್ಯಾಡಿ ಡಾಕ್ಟ್ರೇ. ಫೋನ್ ನಿಂತ್ರೆ ಇಷ್ಟೊಂದು ನೆಮ್ದಿ ಆಗಲ್ಲ. ನೀವೇ ಖುದ್ದಾಗಿ ಬಂದು ನಿಲ್ಸಿ."