ಮಾವ ಓದುತ್ತಿದ್ದ ಪತ್ತೇದಾರಿ

ಬೊಳ್ಳಪ್ಪನವರು ಹಿಂದಿನ ದಿನ ಒಂಬತ್ತನೇ ಅಧ್ಯಾಯಕ್ಕೆ ಬಿಟ್ಟಿದ್ದ ಪತ್ತೇದಾರಿ ಕಾದಂಬರಿ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹದಿನಾಲ್ಕಕ್ಕೆ ತೆರೆದುಕೊಂಡಿತು. ಕೊಲೆಗಾರನೆಂದು ಅವರು ನಂಬಿದ್ದ ಕಾಂಪೌಂಡರ್ ಅಲ್ಲಿ ತಾನೇ ಹೆಣವಾಗಿ ಬಿದ್ದಿದ್ದ.

"ರೈಟ್ರೆ," ಎಂದು ಎಸ್ಟೇಟಿನ ಹಾಜರಿ ನೋಡುವ ರೈಟರ್ ಶಿವಪ್ರಕಾಶನನ್ನು ಕರೆದರು. "ಕಾಫಿ ಪಿಕ್ಕಿಂಗ್ ಟೈಮಲ್ಲಿ ಯಾರೋ ನನ್ನ ಪುಸ್ತಕ ಓದ್ತಾ ಕೂತಿದಾರೆ. ಹದಿನಾಲ್ಕಕ್ಕೆ ಬಂದು ಕಾಂಪೌಂಡರ್ ಸತ್ತೂ ಆಯ್ತು. ಸಂಜೆಯೊಳಗೆ ಹಿಡ್ಕೊಡಿ. ಅವ್ನಿಗೆ ನಾಳೆಯಿಂದ ಕೆಲಸ ಇಲ್ಲ."

ಶಿವಪ್ರಕಾಶ ತನ್ನ ಫೋನನ್ನು ಜೇಬಿನೊಳಕ್ಕೆ ತಳ್ಳಿದ. ಓದುತ್ತಿದ್ದವನು ಅವನೇ. ಸಾಹುಕಾರರ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಯಾವ ಫೋನಿನಲ್ಲಿ ತೆರೆದರೂ ಬಿಟ್ಟ ಪುಟದಿಂದಲೇ ಶುರುವಾಗುವಂತೆ ಜೋಡಿಸಿದವನೂ ಅವನೇ. ಸಾಹುಕಾರರ ಹೆಂಡತಿ ಗಂಗಮ್ಮ ಅಡುಗೆ ಪುಸ್ತಕ ಬೇಕೆಂದಾಗ ಅವರ ಫೋನಿಗೂ, ಸರಿಯಾಗಿದೆಯೇ ನೋಡೋಣವೆಂದು ತನ್ನದಕ್ಕೂ ಎಲ್ಲ ಪುಸ್ತಕಗಳನ್ನು ಸೇರಿಸಿದ್ದ. ಕಾಫಿ ಗಿಡದ ಮರೆಯಲ್ಲಿ ಆ 'ನೋಡೋಣ' ಇನ್ನೂ ಮುಗಿದಿರಲಿಲ್ಲ. ಆದರೆ ಅವನು ಓದಿದ್ದು ಹನ್ನೊಂದರವರೆಗೆ. ಮುಂದಿನದನ್ನು ಓದಿದವರು ಯಾರು?

ಗಂಗಮ್ಮ ಒಳಗಿನಿಂದ ಬಂದರು. ಕಂಪ್ಯೂಟರ್ ನೋಡಿದರು. ಗೋಡೆಯ ಮೇಲಿದ್ದ ಮಾವನ ಫೋಟೋ ನೋಡಿದರು.

"ಮಾವ ಓದ್ತಿದಾರೆ."

"ಅಪ್ಪ ಹೋಗಿ ಎಷ್ಟು ವರ್ಷ ಆಯ್ತು ಮಾರಾಯ್ತಿ."

"ಅದಕ್ಕೇ ಪುರುಸೊತ್ತಿದೆ ಅವ್ರಿಗೆ. ಈ ವರ್ಷ ಹಿರಿಯರಿಗೆ ಎಡೆ ಇಟ್ರಾ ನೀವು?"

ಬೊಳ್ಳಪ್ಪನವರು ಇಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೀಬೋರ್ಡಿನ ಮುಂದೆ ಬಾಳೆಲೆ ಬಿತ್ತು. ಕಡುಬು, ಕೋಳಿ ಸಾರು, ಒಂದು ಗ್ಲಾಸ್ ಬ್ರಾಂದಿ. ಮೊಟ್ಟೆಯನ್ನೂ ಮುಟ್ಟದ ಶಿವಪ್ರಕಾಶ ಮೂಗು ಮುಚ್ಚಿಕೊಂಡು, ಸಾರು ಮೌಸಿಗೆ ತಾಗದಂತೆ ನೋಡಿಕೊಳ್ಳುತ್ತ, ಮದುವೆಮನೆಯಲ್ಲಿ ಚಪ್ಪಲಿ ಕಾಯುವವನ ಹಾಗೆ ಕೂತ.

ಸಾಕ್ಷಿಯೇ ಬೇಡವೆಂದು ಅವನು ಮೆಲ್ಲನೆ ತನ್ನ ಫೋನಿನಿಂದ ಕಾದಂಬರಿ ಅಳಿಸಿದ. ಕಂಪ್ಯೂಟರಿನಿಂದಲೂ ಅದು ಮಾಯವಾಯಿತು.

"ನೋಡಿ, ಮಾವ ಪುಸ್ತಕಾನೇ ತಗೊಂಡ್ ಹೋದ್ರು," ಎಂದರು ಗಂಗಮ್ಮ.

ಬೊಳ್ಳಪ್ಪನವರು ಚಪ್ಪಲಿ ಕಳಚಿ ಕೈಮುಗಿದರು. ಶಿವಪ್ರಕಾಶ ಬೆವರುತ್ತ ಮೇಜಿನ ಕೆಳಗೆ ಫೋನ್ ಹಿಡಿದು, ಅಳಿಸಿದ್ದನ್ನು ತಡಕಾಡಿ ವಾಪಸ್ಸು ತಂದ. ಕಂಪ್ಯೂಟರಿಗೂ ಪುಸ್ತಕ ಮರಳಿತು.

"ಬ್ರಾಂದಿ ಹಿಡಿಸ್ತು ಅಂತ ಕಾಣ್ತದೆ," ಎಂದರು ಬೊಳ್ಳಪ್ಪನವರು, ತಗ್ಗಿದ ದನಿಯಲ್ಲಿ. "ಓದ್ಲಿ ಬಿಡಿ ರೈಟ್ರೆ. ಅಪ್ಪನ್ನ ಕೆಲಸದಿಂದ ತೆಗೆಯೋಕೆ ಆಗ್ತದಾ?"

ಬದುಕಿದೆ ಎಂದುಕೊಂಡು ಶಿವಪ್ರಕಾಶ ತೋಟಕ್ಕೆ ಹೊರಟ. ಹಿತ್ತಿಲ ಬಾಗಿಲಲ್ಲಿ ಗಂಗಮ್ಮ ತಡೆದರು. ಅವರ ಕೈಯಲ್ಲಿ ಫೋನಿತ್ತು. ಅದರಲ್ಲಿ ತೆರೆದಿದ್ದದ್ದು ಅಡುಗೆ ಪುಸ್ತಕವಲ್ಲ.

"ಹನ್ನೊಂದರವರೆಗೆ ನೀವು ರೈಟ್ರೆ. ಆಮೇಲಿಂದ ನಾನು."

ಸಾಹುಕಾರರು ಬಂದಾರೇ ಎಂದು ಅವನು ಹಿಂದೆ ನೋಡಿದ.

"ಸಣ್ಣಕ್ಷರ, ಕಣ್ಣು ಉರೀತದೆ. ಇನ್ನು ದಿನಾ ಈ ಹೊತ್ತಿಗೆ ಬಂದು ಓದಿ ಹೇಳಿ. ಇವರು ತೋಟದಲ್ಲಿರ್ತಾರೆ."

"ಪಿಕ್ಕಿಂಗ್ ಟೈಮಮ್ಮ. ಸಾವ್ಕಾರ್ರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ."

"ಬರದಿದ್ರೆ ನಾನೇ ಹೇಳ್ತೇನೆ." ಗಂಗಮ್ಮ ಮಣೆ ಎಳೆದುಕೊಂಡು ಕೂತರು. "ಶುರು ಮಾಡಿ, ಹದಿನೈದರಿಂದ."

"ನಡುವಿನದು ನಾನು ಓದಿಲ್ಲಮ್ಮ. ಕಾಂಪೌಂಡರ್ ಹೇಗೆ ಸತ್ತ?"

"ನನಗೆ ಗೊತ್ತುಂಟು," ಎಂದರು ಗಂಗಮ್ಮ. "ನೀವು ಮುಂದೆ ಓದಿ."